ಬ್ರಾಯ್ಲರ್ ಕೋಳಿ ತೂಕ ಬರುತ್ತಿಲ್ಲ, ಫೀಡ್ ಬದಲಿಸಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು:
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡೂ ಪಕ್ಕ ಜಾಲರಿ ಇರುವ ತೆರೆದ ಶೆಡ್. ಮರಿಗಳು ಒಳ್ಳೆಯವೇ ಬರುತ್ತಿವೆ. ಆದರೂ 35 ದಿನಕ್ಕೆ 2 ಕೆ.ಜಿ. ಮುಟ್ಟುತ್ತಿಲ್ಲ, 1.6–1.7 ಕೆ.ಜಿ.ಗೇ ನಿಲ್ಲುತ್ತಿವೆ. ಒಂದೇ ಶೆಡ್‌ನಲ್ಲಿ ಕೆಲವು ದಪ್ಪ, ಕೆಲವು ಪೀಚು. ಸಾವು ಜಾಸ್ತಿ ಇಲ್ಲ, ಫೀಡ್ ಮಾತ್ರ ಚೆನ್ನಾಗಿ ಖಾಲಿಯಾಗುತ್ತಿದೆ. ಬೇರೆ ಫೀಡ್ ತರಿಸೋಣ ಅಂದುಕೊಂಡಿದ್ದೇನೆ. ಸರಿನಾ?

ಹಲವು ವರ್ಷದಿಂದ ಫಾರ್ಮ್ ನಡೆಸುವವರು:
ಫೀಡ್ ಬದಲಿಸುವ ಮೊದಲು ಒಂದು ಮಾತು ಹೇಳಿ ಸರ್. 7ನೇ ದಿನ ಮರಿಯ ತೂಕ ಎಷ್ಟಿತ್ತು?

ನಾನು ಎಲ್ಲರಿಗೂ ಮೊದಲು ಕೇಳುವುದು ಇದನ್ನೇ. ಬರುವಾಗ ಮರಿ 40–42 ಗ್ರಾಂ ಇರುತ್ತದೆ. ಒಂದು ವಾರಕ್ಕೆ ಅದು ನಾಲ್ಕೂವರೆ ಪಟ್ಟು ಆಗಬೇಕು, ಅಂದರೆ ಹತ್ತಿರ ಹತ್ತಿರ 180–190 ಗ್ರಾಂ. 140–150ರಲ್ಲೇ ಇದ್ದರೆ ಆಮೇಲೆ ಎಂಥ ಫೀಡ್ ಹಾಕಿದರೂ ಆ ಹಿಂದೆ ಬಿದ್ದಿದ್ದನ್ನು ಪೂರ್ತಿ ತುಂಬಲು ಆಗುವುದಿಲ್ಲ. ಕರುಳು ಬೆಳೆಯುವುದೇ ಆ ವಾರದಲ್ಲಿ. ಆಗ ಮರಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲೂ ಬರುವುದಿಲ್ಲ. ಚಳಿಯಾದರೆ ತಿನ್ನುವುದು ಬಿಟ್ಟು ಒಂದರ ಮೇಲೊಂದು ಬಿದ್ದು ಗುಂಪು ಕೂರುತ್ತವೆ.

ಮರಿ ಬರುವ ಹಿಂದಿನ ದಿನವೇ ಬ್ರೂಡರ್ (ಮರಿಗೆ ಬಿಸಿ ಕೊಡುವ ದೀಪ ಅಥವಾ ಒಲೆ) ಹಚ್ಚಿ. ಗಾಳಿ ಬಿಸಿಯಾದರೆ ಸಾಲದು, ನೆಲಕ್ಕೆ ಹಾಸಿದ ಹೊಟ್ಟೂ ಬೆಚ್ಚಗಾಗಬೇಕು. ಮರಿಯ ಬೆನ್ನಿನ ಎತ್ತರದಲ್ಲಿ ಮೊದಲ ದಿನಗಳಲ್ಲಿ 32–34 ಡಿಗ್ರಿ ಸೆಲ್ಸಿಯಸ್ ಇರಲಿ, ಆಮೇಲೆ ವಾರಕ್ಕೆ 2–3 ಡಿಗ್ರಿ ಇಳಿಸುತ್ತಾ ಹೋಗಿ. ಥರ್ಮಾಮೀಟರನ್ನು ಗೋಡೆಗೆ ನೇತುಹಾಕಿದರೆ ಅದು ಗೋಡೆಯ ಬಿಸಿ ಹೇಳುತ್ತದೆ, ಮರಿಯದ್ದಲ್ಲ. ಅದಕ್ಕಿಂತ ಮರಿಗಳನ್ನೇ ನೋಡಿ. ಬ್ರೂಡರ್ ಕೆಳಗೆ ಒತ್ತೊತ್ತಾಗಿದ್ದರೆ ಚಳಿ. ಮರಿಗಳ ಸುತ್ತ ಕಟ್ಟಿದ ಗಾರ್ಡ್ ಅಂಚಿಗೆ ಓಡಿ ಬಾಯಿ ತೆರೆದಿದ್ದರೆ ಸೆಕೆ. ಎಲ್ಲವೂ ಒಂದೇ ಬದಿಗೆ ಸರಿದಿದ್ದರೆ ಇನ್ನೊಂದು ಬದಿಯಿಂದ ಗಾಳಿ ನುಗ್ಗುತ್ತಿದೆ. ಹರಡಿಕೊಂಡು ತಿನ್ನುತ್ತಾ, ಮಲಗುತ್ತಾ ಇದ್ದರೆ ಸರಿಯಾಗಿದೆ.

ಇನ್ನೊಂದು ಪರೀಕ್ಷೆ. ಮರಿ ಬಿಟ್ಟು 24 ಗಂಟೆ ಆದಮೇಲೆ ಶೆಡ್‌ನ ಬೇರೆ ಬೇರೆ ಕಡೆಯಿಂದ ಕೆಲವು ಮರಿ ಹಿಡಿದು ಕುತ್ತಿಗೆ ಬುಡದ ಮೇವಿನ ಚೀಲ ಮುಟ್ಟಿ ನೋಡಿ. ತುಂಬಿ ಮೆತ್ತಗಿದ್ದರೆ ತಿಂದೂ ಇದೆ, ಕುಡಿದೂ ಇದೆ. ಗಟ್ಟಿಯಾಗಿದ್ದರೆ ನೀರು ಸಿಕ್ಕಿಲ್ಲ. ಖಾಲಿ ಇದ್ದರೆ ಎರಡೂ ಸಿಕ್ಕಿಲ್ಲ. ನೂರರಲ್ಲಿ 95ಕ್ಕಾದರೂ ತುಂಬಿರಬೇಕು. ನಿಮ್ಮ ಶೆಡ್‌ನ ಪೀಚು ಕೋಳಿಗಳು ಆ ಖಾಲಿ ಚೀಲದ ಮರಿಗಳೇ ಇರಬಹುದು. ಮೊದಲ ಎರಡು ಮೂರು ದಿನ ಕಾಗದ ಹಾಸಿ ಅದರ ಮೇಲೂ ಫೀಡ್ ಚೆಲ್ಲಿ, ಯಾವ ಮರಿಯೂ ಹುಡುಕಿಕೊಂಡು ಹೋಗುವಂತಾಗಬಾರದು.

ತಮ್ಮನ ಜೊತೆ ಫಾರ್ಮ್ ನೋಡಿಕೊಳ್ಳುವವರು:
ಅಣ್ಣ ಹೇಳಿದ್ದು ನಿಜ. ನನ್ನದು ಗಾಳಿಯ ವಿಷಯ. ಚಳಿಗಾಲದಲ್ಲಿ ಎಲ್ಲರೂ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು ಕಟ್ಟಿಬಿಡುತ್ತಾರೆ. ಬೆಳಿಗ್ಗೆ ಒಳಗೆ ಹೋದರೆ ಕಣ್ಣು ಉರಿಯುತ್ತದೆ. ಅದು ಅಮೋನಿಯಾ. ನಮಗೆ ನಿಂತಾಗಲೇ ಮೂಗಿಗೆ ಹೊಡೆಯುತ್ತದೆ ಅಂದರೆ ಹಿಕ್ಕೆಯ ಪಕ್ಕದಲ್ಲೇ ಉಸಿರಾಡುವ ಕೋಳಿಗೆ ಹೇಗಿರಬೇಡ? ಗಾಳಿಯಲ್ಲಿ ಅದು 25 ಪಿಪಿಎಂ (ಹತ್ತು ಲಕ್ಷದಲ್ಲಿ 25 ಪಾಲು) ದಾಟಿದರೆ ತೂಕ ಕುಸಿಯುತ್ತದೆ, ಉಸಿರಾಟದ ರೋಗಕ್ಕೂ ದಾರಿ ಆಗುತ್ತದೆ. ದಿನಾ ಅಲ್ಲೇ ಇರುವವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ, ಹಾಗಾಗಿ ಹೊರಗಿನವರನ್ನು ಒಮ್ಮೆ ಒಳಗೆ ಕರೆದು ಕೇಳಿ. ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುವಂತೆ ಕಟ್ಟಿ, ಮೇಲೆ ಒಂದಿಷ್ಟು ಜಾಗ ಸದಾ ತೆರೆದಿರಲಿ. ಬಿಸಿಯಾದ ಕೆಟ್ಟ ಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ, ಮರಿಗೆ ನೇರ ಗಾಳಿ ಬಡಿಯುವುದಿಲ್ಲ.

ಹೊಟ್ಟನ್ನು ಒಂದು ಹಿಡಿ ತೆಗೆದುಕೊಂಡು ಹಿಂಡಿ. ಕೈ ಬಿಟ್ಟಾಗ ಉದುರಿದರೆ ಚೆನ್ನಾಗಿದೆ. ಉಂಡೆಯಾಗಿಯೇ ಉಳಿದರೆ ಒದ್ದೆ ಜಾಸ್ತಿ. ಒದ್ದೆ ಹೊಟ್ಟಿನಲ್ಲಿ ಅಮೋನಿಯಾ ಏಳುತ್ತದೆ, ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ರೋಗ ಬರುತ್ತದೆ, ಪಾದ ಹುಣ್ಣಾಗುತ್ತದೆ. ಕಾಲು ನೋಯುವ ಕೋಳಿ ಫೀಡರ್ ಹತ್ತಿರ ಎದ್ದು ಹೋಗುವುದೇ ಕಡಿಮೆ.

ಒತ್ತಾಗಿ ತುಂಬಬೇಡಿ. 2 ಕೆ.ಜಿ. ಕೋಳಿಗೆ ತೆರೆದ ಶೆಡ್‌ನಲ್ಲಿ ಒಂದು ಚದರ ಅಡಿಯಾದರೂ ಬೇಕು, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಕೊಡಿ.

ಸ್ವಂತ ಫೀಡ್ ಮಾಡಿಕೊಳ್ಳುವವರು:
"ಫೀಡ್ ಖಾಲಿಯಾಗುತ್ತಿದೆ" ಅಂದಿರಿ. ಕೋಳಿ ಹೊಟ್ಟೆಗೇ ಹೋಗುತ್ತಿದೆಯಾ ನೋಡಿದಿರಾ? ಫೀಡರ್ ಕೆಳಗಿನ ಹೊಟ್ಟು ಕೆದಕಿ ನೋಡಿ. ಫೀಡರ್ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಬೇಕು, ಕೋಳಿ ಬೆಳೆದಂತೆ ಏರಿಸುತ್ತಿರಬೇಕು. ತಟ್ಟೆಯಲ್ಲಿ ಮೂರನೇ ಒಂದು ಭಾಗ ಫೀಡ್ ಇದ್ದರೆ ಸಾಕು, ತುಂಬಿ ತುಳುಕಿದರೆ ಚೆಲ್ಲುತ್ತವೆ.

ಲೆಕ್ಕ ಹೇಳುತ್ತೇನೆ. ಒಟ್ಟು ಹಾಕಿದ ಫೀಡನ್ನು ಒಟ್ಟು ತೂಕದಿಂದ ಭಾಗಿಸಿದರೆ ಎಫ್‌ಸಿಆರ್. 2 ಕೆ.ಜಿ. ಕೋಳಿಗೆ ಅದು 1.6 ಬದಲು 1.7 ಆದರೆ ಒಂದೊಂದು ಕೋಳಿಗೆ 200 ಗ್ರಾಂ ಫೀಡ್ ಜಾಸ್ತಿ. ಸಾವಿರ ಕೋಳಿಗೆ 200 ಕೆ.ಜಿ., 50 ಕೆ.ಜಿ.ಯ ನಾಲ್ಕು ಚೀಲ! ಸಾಕಣೆಯ ಖರ್ಚಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಫೀಡಿಗೇ ಹೋಗುವಾಗ ಇದು ಸಣ್ಣದಲ್ಲ.

ಪ್ರೀ-ಸ್ಟಾರ್ಟರ್‌ನಲ್ಲಿ (ಮೊದಲ ದಿನಗಳ ಫೀಡ್) ಪ್ರೋಟೀನ್ 22–23 ಶೇಕಡಾ, ಕೊನೆಯ ಹಂತದ ಫಿನಿಶರ್‌ನಲ್ಲಿ 19–20. ದುಡ್ಡು ಉಳಿಸಲು ಪ್ರೀ-ಸ್ಟಾರ್ಟರ್ ಬೇಗ ನಿಲ್ಲಿಸಬೇಡಿ, ಮರಿ ಆಗ ತಿನ್ನುವುದೇ ಸ್ವಲ್ಪ. ಚೀಲಗಳನ್ನು ಹಲಗೆ ಮೇಲೆ, ಗೋಡೆಯಿಂದ ದೂರ ಇಡಿ. ಬೂಸ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ಅನ್ನುವ ವಿಷ ಲಿವರ್ ಕೆಡಿಸುತ್ತದೆ, ಕೋಳಿ ಸಾಯದೆ ಸುಮ್ನೆ ಬೆಳೆಯದೆ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. 7ನೇ ದಿನ ತೂಕ ನೋಡುವ ಅಭ್ಯಾಸ ನಮ್ಮಲ್ಲಿಲ್ಲ. ನೀರು ಕುಡಿಸುವ ನಿಪ್ಪಲ್ ಸಾಲಿನ ಕೆಳಗೆ ಹೊಟ್ಟು ಹಪ್ಪಳದಂತೆ ಕಟ್ಟಿದೆ. ಈಗಿನ ಬ್ಯಾಚ್ ಮೂರನೇ ವಾರದಲ್ಲಿದೆ, ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುತ್ತವೆ. ಇವಕ್ಕೆ ಈಗ ಏನು ಮಾಡಬಹುದು?

ಪಶುವೈದ್ಯೆ:
ಮೊದಲು ಆ ಕಟ್ಟಿದ ಹೊಟ್ಟನ್ನು ತೆಗೆದು ಹೊರಗೆ ಹಾಕಿ, ಒಣ ಹೊಟ್ಟು ತುಂಬಿ. ಅಲ್ಲೇ ಮಗುಚಿದರೆ ಅಮೋನಿಯಾ ಒಮ್ಮೆಲೇ ಏಳುತ್ತದೆ. ನಿಪ್ಪಲ್ ತಗ್ಗಿದ್ದರೆ ಕೋಳಿ ಅಡ್ಡವಾಗಿ ಚುಚ್ಚಿ ನೀರು ಚೆಲ್ಲುತ್ತದೆ. ಕತ್ತು ಮೇಲೆತ್ತಿ ಕುಡಿಯುವಷ್ಟು ಏರಿಸಿ. ಸೋರುವ ನಿಪ್ಪಲ್ ಬದಲಿಸಿ.

ಸೆಕೆಗೆ ಫೀಡ್ ಸಮಯ ಬದಲಿಸಿ. ಕೋಳಿಗೆ ಬೆವರಿನ ಗ್ರಂಥಿ ಇಲ್ಲ, ತಿಂದದ್ದು ಅರಗುವಾಗ ಮೈಯೊಳಗೂ ಬಿಸಿ ಹುಟ್ಟುತ್ತದೆ. ಬಿಸಿಲು ಏರುವ ಮೊದಲೇ ಫೀಡರ್ ಮೇಲೆತ್ತಿ, ಸಂಜೆ ತಣ್ಣಗಾದ ಮೇಲೆ ಇಳಿಸಿ. ಬೆಳಗಿನ ಜಾವ ಮತ್ತು ರಾತ್ರಿ ಹೊಟ್ಟೆ ತುಂಬಾ ತಿನ್ನಲಿ. ನೀರು ಮಾತ್ರ ಒಂದು ಗಳಿಗೆಯೂ ನಿಲ್ಲಬಾರದು. ಸಾಮಾನ್ಯ ದಿನಗಳಲ್ಲೇ ತಿಂದ ಫೀಡಿನ ಎರಡರಷ್ಟು ನೀರು ಕುಡಿಯುತ್ತವೆ, ಸೆಕೆಯಲ್ಲಿ ಇನ್ನೂ ಜಾಸ್ತಿ. ಮೇಲಿನ ಟ್ಯಾಂಕ್ ಬಿಸಿಲಿಗೆ ಕಾದಿದ್ದರೆ ಕುಡಿಯುವುದು ಕಡಿಮೆ ಮಾಡುತ್ತವೆ. ಟ್ಯಾಂಕಿಗೆ ಮೊದಲು ನೆರಳು ಮಾಡಿ.

ರಾತ್ರಿಯಿಡೀ ಲೈಟ್ ಹಾಕಿದರೆ ಜಾಸ್ತಿ ತಿನ್ನುತ್ತವೆ ಅನ್ನುವವರಿದ್ದಾರೆ. ಮೊದಲ ವಾರ ದಾಟಿದ ಕೋಳಿಗೆ 4–6 ಗಂಟೆಯಾದರೂ ಕತ್ತಲೆ ಕೊಡಿ. ಕಾಲು ಗಟ್ಟಿಯಾಗುತ್ತದೆ, ದಿಢೀರ್ ಸಾವು ಕಡಿಮೆಯಾಗುತ್ತದೆ. ಈಗ ಸೆಕೆ ಇರುವುದರಿಂದ ಆ ಕತ್ತಲೆಯನ್ನು ನಡುರಾತ್ರಿಗೆ ಇಟ್ಟು, ಬೆಳಗಿನ ಜಾವ ಬೇಗ ಲೈಟ್ ಹಾಕಿ ತಿನ್ನಿಸಿ.

ಪೀಚು ಕೋಳಿಗಳನ್ನು ಬೇರೆ ಮಾಡಿ, ಅವಕ್ಕೆ ಫೀಡರ್, ನಿಪ್ಪಲ್ ತಗ್ಗಿಸಿ ಕೊಡಿ. ಹಿಕ್ಕೆಯಲ್ಲಿ ರಕ್ತ ಕಂಡರೆ ನೀವೇ ಔಷಧಿ ತಂದು ಹಾಕಬೇಡಿ, ಹತ್ತಿರದ ವೈದ್ಯರಿಗೆ ಒಂದೆರಡು ಕೋಳಿ ತೋರಿಸಿ. ತೂಕ ಬರಲಿ ಅಂತ ಆಂಟಿಬಯಾಟಿಕ್ ಹಾಕುವುದಂತೂ ಬೇಡವೇ ಬೇಡ. ತಿನ್ನುವವರ ಹೊಟ್ಟೆಗೆ ಹೋಗುವ ಮಾಂಸ ಅದು. ವೈದ್ಯರು ಬರೆದುಕೊಟ್ಟಿದ್ದರೂ, ಕೊನೆಯ ಡೋಸ್ ಆದಮೇಲೆ ಲೇಬಲ್‌ನಲ್ಲಿ ಹೇಳಿದಷ್ಟು ದಿನ ಕಳೆಯದೆ ಕೋಳಿ ಮಾರಬೇಡಿ.

ಫೀಡ್ ಈ ಬ್ಯಾಚ್‌ಗೆ ಅದೇ ಇರಲಿ. ವಾರಕ್ಕೊಮ್ಮೆ ಶೆಡ್‌ನ ನಾಲ್ಕು ಮೂಲೆ, ನಡುಭಾಗದಿಂದ ಒಟ್ಟು 50 ಕೋಳಿ ತೂಗಿ ಬರೆದಿಡಿ. ಮುಂದಿನ ಬ್ಯಾಚ್‌ನ 7ನೇ ದಿನದ ತೂಕ ಇಲ್ಲಿ ಹಾಕಿ, ಫೀಡಿನ ಮಾತು ಆಮೇಲೆ ಆಡೋಣ.