ಸಹಾಯ ಬೇಕು: ಆಳೆತ್ತರದ ಮಣ್ಣಿನ ಶಿಲ್ಪವನ್ನು ತುಂಡು ಮಾಡಿ ಸುಟ್ಟವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಹಿಳಾ ಕಲಾ ಕೇಂದ್ರವೊಂದರಲ್ಲಿ ಆಳೆತ್ತರದ ಮಣ್ಣಿನ ಶಿಲ್ಪ ಮಾಡುತ್ತಿದ್ದೇನೆ. ಕಾಲು ಚಾಚಿ ಕೂತ ಹೆಂಗಸು. ಯಾರ ಕಣ್ಣಿಗೋ ಚಂದ ಕಾಣಲು ಕೂತವಳಲ್ಲ, ಸುಮ್ನೆ ದಣಿವಾರಿಸಿಕೊಳ್ಳುತ್ತಿದ್ದಾಳೆ. ಹೊಟ್ಟೆಯ ಮಡಿಕೆ, ಒಡೆದ ಹಿಮ್ಮಡಿ ಎಲ್ಲ ಇದ್ದ ಹಾಗೇ ಇವೆ. ಕಲೆಯಲ್ಲಿ ಹೆಣ್ಣಿನ ಮೈಯನ್ನು ಬೇರೆಯವರು ರೂಪಿಸಿದ್ದೇ ಜಾಸ್ತಿ ಅಲ್ವಾ? ಅದಕ್ಕೇ ಇವಳು ನನಗೆ ಇಷ್ಟು ಮುಖ್ಯ.

ಈಗ ವಿಷಯಕ್ಕೆ ಬರುತ್ತೇನೆ. ಸೊಂಟದಲ್ಲಿ ಮಣ್ಣು ದಪ್ಪ, ತೋಳುಗಳಲ್ಲಿ ತೆಳು. ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ಒಣಗಿ, ಕಂಕುಳಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿದೆ. ತೋಳಿಗೆ ಒದ್ದೆ ಬಟ್ಟೆ, ಪ್ಲಾಸ್ಟಿಕ್ ಸುತ್ತಿಟ್ಟಿದ್ದೇನೆ. ಇಡೀ ಶಿಲ್ಪ ಮಣ್ಣು ಸುಡುವ ಗೂಡಿನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಮಣ್ಣು ಪೂರ್ತಿ ಗಟ್ಟಿಯಾಗುವ ಮೊದಲೇ ತಂತಿಯಿಂದ ಕತ್ತರಿಸಿ, ಒಳಗೆ ಟೊಳ್ಳು ಮಾಡಿ, ತುಂಡುತುಂಡಾಗಿ ಸುಡಬೇಕೆಂದಿದ್ದೇನೆ. ಒಳಗೆ ತೇವ ಉಳಿದರೆ ಹಬೆಯಾಗಿ ತುಂಡೇ ಸಿಡಿಯುತ್ತದೆ. ಅದೇ ಭಯ.

ಎಲ್ಲಿ ಕತ್ತರಿಸಿದರೆ ಒಳ್ಳೆಯದು? ಟೊಳ್ಳು ಮಾಡುವಾಗ ಸುತ್ತಲಿನ ಮಣ್ಣಿನ ಗೋಡೆ ಎಷ್ಟು ದಪ್ಪ ಉಳಿಸಲಿ? ಕಂಕುಳ ಬಿರುಕಿಗೆ ಸುಟ್ಟ ಮಣ್ಣಿನ ಪುಡಿ ಬೆರೆಸಿದ ಅಂಟು ಹಾಕಿದರೆ ನಿಲ್ಲುತ್ತದಾ? ಜೋಡಿಸಿದ ಗೆರೆಗಳನ್ನು ಮುಚ್ಚುವ ಆಸೆ ನನಗಿಲ್ಲ, ಅವು ಕಾಣಲಿ.

1973ರಲ್ಲಿ ಅಮೆರಿಕದ ಕಲಾವಿದೆ ಜೂಡಿ ಶಿಕಾಗೋ ಮತ್ತು ಸಂಗಾತಿಗಳು ಲಾಸ್ ಏಂಜಲಿಸ್‌ನಲ್ಲಿ ವುಮನ್ಸ್ ಬಿಲ್ಡಿಂಗ್ ಎಂಬ ಮಹಿಳಾ ಕಲಾ ಕೇಂದ್ರ ಶುರುಮಾಡಿದಾಗ, ಅಲ್ಲಿ ಹೆಂಗಸರೇ ಹೆಂಗಸರಿಗೆ ಕಲಿಸುತ್ತಿದ್ದರು. ನನಗೂ ಅಂಥ ಪಾಠವೇ ಬೇಕು. ದೊಡ್ಡ ಕೆಲಸ ಸುಟ್ಟು ಅನುಭವ ಇರುವವರು ದಯವಿಟ್ಟು ಬರೆಯಿರಿ. ಒಳಭಾಗದ ಫೋಟೋ ಇದ್ದರೆ ಇನ್ನೂ ಉಪಕಾರ. ಮಣ್ಣು ಒಣಗುತ್ತಿದೆ, ಬೇಗ ತಿಳಿಸಿ.