ಸಹಾಯ ಬೇಕು: ದುಃಖದ ಮನೆಯಲ್ಲಿ ಸಂಜೆಯ ಪ್ರಾರ್ಥನೆ ನಡೆಸುವುದು ಹೇಗೆ?

ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರೇ, ವಂದನೆಗಳು.

ಈ ಮಳೆಗಾಲದಲ್ಲಿ ನಮ್ಮ ಅಪ್ಪ ತೀರಿಕೊಂಡರು. ಅಂದಿನಿಂದ ಅಮ್ಮ ಹಾಡುವುದನ್ನು ನಿಲ್ಲಿಸಿದ್ದಾರೆ. ಆಲಯಕ್ಕೆ ಬರುತ್ತಾರೆ, ಬೈಬಲ್ ಮಡಿಲಲ್ಲಿ ತೆರೆದಿರುತ್ತದೆ, ಆದರೆ ಸ್ತುತಿಗೀತೆ ಆರಂಭವಾದರೆ ತುಟಿ ಅಲುಗುವುದಿಲ್ಲ. ಸಮಾಧಾನ ಹೇಳಲು ಬಂದವರಲ್ಲಿ ಕೆಲವರು "ಅಳುವುದು ಅವಿಶ್ವಾಸ, ದೇವರನ್ನು ಸ್ತುತಿಸಿ" ಎಂದು ಹೇಳಿಹೋದದ್ದು ಅವರನ್ನು ಇನ್ನಷ್ಟು ಕುಗ್ಗಿಸಿದೆ.

ನನಗೆ ಆ ಮಾತು ಒಪ್ಪಿಗೆಯಿಲ್ಲ. ತೀರಿಹೋದ ಸ್ನೇಹಿತ ಲಾಜರನ ಸಮಾಧಿಗೆ ಹೋಗುವಾಗ ಯೇಸುವೇ ಕಣ್ಣೀರಿಟ್ಟನು. ಬೈಬಲಿನ 13ನೆಯ ಕೀರ್ತನೆ ದೂರಿನಿಂದ ಆರಂಭವಾಗಿ ಆರೇ ವಚನಗಳಲ್ಲಿ ಹಾಡಿಗೆ ತಲುಪುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಎರಡೂ ದೇವರ ಮುಂದೆ ಇಟ್ಟ ಪ್ರಾರ್ಥನೆಗಳೇ. ಬೈಬಲಿನ ಶೋಕಗೀತೆಗಳ ಪುಸ್ತಕವಾದ ಪ್ರಲಾಪಗಳಲ್ಲಿ ಬೆಳಗು ಬೆಳಗಿಗೂ ಹೊಸದಾಗುವ ಕರುಣೆಯ ಮಾತು ಬರುವುದು ಮೂರನೆಯ ಅಧ್ಯಾಯದಲ್ಲಿ, ಗೋಳಿನ ನಟ್ಟನಡುವೆ. ಅದರ ನಂತರವೂ ಅಳು ನಿಲ್ಲುವುದಿಲ್ಲ.

ಆದರೆ ಮಗನಾದ ನಾನು ಇದನ್ನು ಅಮ್ಮನಿಗೆ ಹೇಳಿದರೆ ಉಪದೇಶದಂತೆ ಕೇಳಿಸುತ್ತದೆ. ಗಂಡನನ್ನು ಕಳೆದುಕೊಂಡ ತಾಯಂದಿರು ಯಾರಾದರೂ ಅವರೊಡನೆ ಫೋನಿನಲ್ಲಿ ಮಾತನಾಡುವಿರಾ? ಬುದ್ಧಿ ಹೇಳುವುದು ಬೇಡ, ಜೊತೆಗೆ ಅತ್ತರೂ ಸಾಕು. ಇಂಥ ಕಾಲದಲ್ಲಿ ನಿಮ್ಮ ಮನೆಯ ಪ್ರಾರ್ಥನೆಯಲ್ಲಿ ಯಾವ ಕೀರ್ತನೆ ಓದಿದಿರಿ, ಎಷ್ಟು ಹೊತ್ತು ಕುಳಿತಿರಿ ಎಂಬುದನ್ನೂ ತಿಳಿಸಿ. ವಾದ್ಯಗಳ ಅಬ್ಬರವಿಲ್ಲದೆ, ಹಳೆಯ ರಾಗದಲ್ಲಿ ನಿಧಾನವಾಗಿ ಹಾಡಿದ ಕನ್ನಡ ಗೀತೆಗಳ ಧ್ವನಿಮುದ್ರಣ ಇದ್ದರೆ ದಯವಿಟ್ಟು ಕಳುಹಿಸಿ.

ಅಮ್ಮನಿಗೆ ಮಧ್ಯಾಹ್ನದ ಊಟದ ನಂತರ ಬಿಡುವಿರುತ್ತದೆ. ಮೊದಲು ನನಗೆ ಸಂದೇಶ ಕಳುಹಿಸಿ, ಅವರ ಸಂಖ್ಯೆ ಕೊಡುತ್ತೇನೆ.