ಹೊಸ 8 ಜಿಬಿ ರ‍್ಯಾಮ್ ಹಾಕಿದರೆ ಬರೀ ಬೀಪ್, ಪರದೆ ಕಪ್ಪು: ಎಚ್61 ಬೋರ್ಡ್, ಐ5-3470

ಪ್ರಶ್ನೆ

ನಮ್ಮ ಮನೆಯ ಕಂಪ್ಯೂಟರ್ 2013ರಲ್ಲಿ ಜೋಡಿಸಿದ್ದು. ಇಂಟೆಲ್ ಕೋರ್ ಐ5-3470 ಪ್ರೊಸೆಸರ್, ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್, ಅದರಲ್ಲಿ ಎರಡೇ ರ‍್ಯಾಮ್ ಸ್ಲಾಟ್. ಒಂದರಲ್ಲಿ ಮೊದಲಿನಿಂದಲೂ 4 ಜಿಬಿಯ, ಡಿಡಿಆರ್3 ಬಗೆಯ ರ‍್ಯಾಮ್ ಇದೆ. ಎರಡು ವರ್ಷದ ಹಿಂದೆ ಬಳಸಿದ ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ. ವಿಂಡೋಸ್ 10, 64 ಬಿಟ್. ಮಗ ಜಿಟಿಎ 5 ಆಟದ ಹಳೆಯ ಆವೃತ್ತಿಯನ್ನು ಆಡುತ್ತಾನೆ. ಆಟ ತೆರೆದುಕೊಳ್ಳುತ್ತದೆ, ಚಿತ್ರವೂ ಚೆನ್ನಾಗಿಯೇ ಬರುತ್ತದೆ; ಆದರೆ ಕಾರನ್ನು ವೇಗವಾಗಿ ಓಡಿಸಿದ ಕೂಡಲೇ ಒಂದೆರಡು ಸೆಕೆಂಡು ಎಲ್ಲವೂ ನಿಂತುಬಿಡುತ್ತದೆ, ಕೆಲವೊಮ್ಮೆ ರಸ್ತೆಯೇ ಮೂಡದೆ ಕಾರು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ, ಅಷ್ಟು ಹೊತ್ತೂ ಹಾರ್ಡ್ ಡಿಸ್ಕ್‌ನ ದೀಪ ಆರುವುದಿಲ್ಲ.

ರ‍್ಯಾಮ್ ಸಾಲುತ್ತಿಲ್ಲವೆಂದು ಆನ್‌ಲೈನ್‌ನಲ್ಲಿ 8 ಜಿಬಿ, ಡಿಡಿಆರ್3, 1600 ಎಂದು ನೋಡಿ ಒಂದು ಸ್ಟಿಕ್ ತರಿಸಿದೆ. ಅದನ್ನು ಹಾಕಿ ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಉದ್ದನೆಯ ಬೀಪ್ ಮತ್ತೆ ಮತ್ತೆ ಬರುತ್ತದೆ, ಪರದೆ ಮಾತ್ರ ಕಪ್ಪು. ಎರಡೂ ಸ್ಲಾಟ್‌ಗಳಲ್ಲಿ ಒಂಟಿಯಾಗಿ ಹಾಕಿ ನೋಡಿದ್ದೇನೆ, ಸಂಪರ್ಕದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದ್ದೇನೆ. ಹಳೆಯ 4 ಜಿಬಿ ಸ್ಟಿಕ್ ಎರಡೂ ಸ್ಲಾಟ್‌ಗಳಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ. ಪರಿಚಯದ ರಿಪೇರಿಯವರೊಬ್ಬರು ಬೋರ್ಡಿಗೆ ವಯಸ್ಸಾಯಿತು, ಬದಲಾಯಿಸಿ ಎನ್ನುತ್ತಿದ್ದಾರೆ. ಅದು ನಿಜವೇ?

ಉತ್ತರ

ಬೋರ್ಡನ್ನು ಸದ್ಯಕ್ಕೆ ದೂರಬೇಡಿ. ಹಳೆಯ ಸ್ಟಿಕ್ ಎರಡೂ ಸ್ಲಾಟ್‌ಗಳಲ್ಲಿ ಓಡುತ್ತಿದೆ ಎಂದರೆ ಸ್ಲಾಟ್‌ಗಳೂ ಪ್ರೊಸೆಸರ್‌ನೊಳಗಿನ ಮೆಮೊರಿ ನಿಯಂತ್ರಕವೂ ಬಹುಮಟ್ಟಿಗೆ ನಿರ್ದೋಷಿಗಳು. ಎಚ್61 ಚಿಪ್‌ಸೆಟ್ ಒಟ್ಟು 16 ಜಿಬಿ, ಅಂದರೆ ಸ್ಲಾಟ್ ಒಂದಕ್ಕೆ 8 ಜಿಬಿಯವರೆಗೆ ಒಪ್ಪುತ್ತದೆ; ನಿಮ್ಮ ಮೂರನೆಯ ತಲೆಮಾರಿನ ಪ್ರೊಸೆಸರ್ 1600 ವೇಗವನ್ನೂ ಒಪ್ಪುತ್ತದೆ. ಹಾಗಿದ್ದೂ 8 ಜಿಬಿ ಸ್ಟಿಕ್ ನಡೆಯದಿರಲು ಒಂದೋ ಅದು ಕೆಟ್ಟಿರಬೇಕು, ಇಲ್ಲವೇ ಅದರ ಒಳರಚನೆ ನಿಮ್ಮ ಪ್ರೊಸೆಸರ್‌ಗೆ ಹೊಂದದ್ದಾಗಿರಬೇಕು. ಅಗ್ಗದ ಸ್ಟಿಕ್‌ಗಳ ವಿಷಯದಲ್ಲಿ ನನ್ನ ಅನುಮಾನ ಯಾವಾಗಲೂ ಎರಡನೆಯದರ ಮೇಲೆಯೇ.

ದಯವಿಟ್ಟು ಮೂರು ವಿಷಯ ತಿಳಿಸಿ. ಸ್ಟಿಕ್‌ಗೆ ಅಂಟಿಸಿದ ಚೀಟಿಯಲ್ಲಿ 2ಆರ್‌ಎಕ್ಸ್8 ಅಥವಾ 1ಆರ್‌ಎಕ್ಸ್4 ಎಂಬಂಥ ಬರಹವಿದೆಯೇ? ಪಿಸಿ3-12800 (1600 ವೇಗದ ಇನ್ನೊಂದು ಹೆಸರು) ಎಂಬುದರ ಮುಂದೆ ಯು ಅಕ್ಷರವಿದೆಯೇ, ಆರ್ ಇದೆಯೇ? ಚಿಪ್‌ಗಳು ಎಷ್ಟಿವೆ, ಅವುಗಳ ಮೇಲೆ ಏನೆಂದು ಅಚ್ಚಾಗಿದೆ? ಕಪ್ಪು ಚಿಪ್‌ನ ಬರಹ ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಮೊಬೈಲ್‌ನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರಗಳು ಎದ್ದು ಕಾಣುತ್ತವೆ.

ಪ್ರಶ್ನಿಸಿದವರು

ಚೀಟಿಯಲ್ಲಿ 8 ಜಿಬಿ, 1600, 1.5 ವೋಲ್ಟ್ ಎಂದಷ್ಟೇ ಇದೆ. ಒಂದೊಂದು ಬದಿಗೆ 8ರಂತೆ 16 ಚಿಪ್‌ಗಳಿವೆ. ಟಾರ್ಚ್ ಓರೆಯಾಗಿ ಹಿಡಿದಾಗ ಎಚ್5ಟಿಕ್ಯೂ4ಜಿ43 ಎಂದು ಓದಲು ಬಂತು. ಮಾರಾಟದ ಪುಟವನ್ನು ಮತ್ತೆ ತೆರೆದು ನೋಡಿದರೆ, ವಿವರಣೆಯ ಕೊನೆಯ ಸಾಲಿನಲ್ಲಿ ಎಎಂಡಿ ಬೋರ್ಡುಗಳಿಗೆ ಮಾತ್ರ ಎಂದು ಬರೆದಿದ್ದಾರೆ. ಕೊಳ್ಳುವಾಗ ನಾನು ಅಷ್ಟು ಕೆಳಗೆ ಇಳಿದಿರಲಿಲ್ಲ.

ಉತ್ತರ

ಕೊನೆಯ ಆ 43ರಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ: ಅದರ 4, ಚಿಪ್ ಒಂದು ಬಾರಿಗೆ 4 ಬಿಟ್ ಮಾತ್ರ ಕೊಡುತ್ತದೆ ಎನ್ನುತ್ತದೆ. ಮೆಮೊರಿ ನಿಯಂತ್ರಕವು ಒಂದು ಬಾರಿಗೆ 64 ಬಿಟ್ ದತ್ತಾಂಶವನ್ನು ಕೇಳುತ್ತದೆ. ಚಿಪ್ ಒಂದು ಬಾರಿಗೆ 8 ಬಿಟ್ ಕೊಡುವುದಾದರೆ 8 ಚಿಪ್‌ಗಳು ಸೇರಿ ಆ 64 ಅನ್ನು ತುಂಬುತ್ತವೆ. ಅಂಥ 8ರ ಎರಡು ತಂಡಗಳಿದ್ದರೆ ಅದು 2ಆರ್‌ಎಕ್ಸ್8. ಚಿಪ್ 4 ಬಿಟ್ ಮಾತ್ರ ಕೊಡುವುದಾದರೆ 16 ಚಿಪ್‌ಗಳೂ ಸೇರಿ ಒಂದೇ ತಂಡವಾಗಬೇಕು, ಅದು 1ಆರ್‌ಎಕ್ಸ್4. ಎರಡರಲ್ಲಿಯೂ 16 ಚಿಪ್‌ಗಳೇ, ಎರಡರದ್ದೂ 8 ಜಿಬಿಯೇ, ಆದ್ದರಿಂದ ಮೇಲ್ನೋಟಕ್ಕೆ ಇವು ಅವಳಿಗಳಂತೆ ಕಾಣುತ್ತವೆ. ಆದರೆ 4 ಬಿಟ್‌ನ ಚಿಪ್‌ನಲ್ಲಿ ಅಡ್ಡಸಾಲಿನೊಳಗಿನ ಸ್ಥಾನವನ್ನು ಹೇಳಲು 10ರ ಬದಲು 11 ಬಿಟ್‌ಗಳ ವಿಳಾಸ ಬೇಕು, ಮತ್ತು ಇಂಟೆಲ್‌ನ ಆ ಕಾಲದ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 8 ಮತ್ತು 16 ಬಿಟ್‌ನ ಚಿಪ್‌ಗಳನ್ನು ಮಾತ್ರ ಬೆಂಬಲಿಸುತ್ತವೆ. ಎಎಂಡಿಯ ಎಎಂ3 ಬೋರ್ಡ್‌ಗಳಲ್ಲಿ ಇದೇ ಸ್ಟಿಕ್ ಓಡುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವುದು ಕೆಟ್ಟ ಸ್ಟಿಕ್ ಅಲ್ಲ, ಬೇರೆ ಮನೆಯ ಕೀಲಿ. ಬಯಾಸ್ (ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ಹೊಸದು ಮಾಡುವುದರಿಂದಾಗಲಿ, ಅದರ ಸೆಟ್ಟಿಂಗ್‌ಗಳನ್ನು ಕಾಯುವ ಸಿಮಾಸ್ ಬ್ಯಾಟರಿ ತೆಗೆದು ಹಾಕುವುದರಿಂದಾಗಲಿ ಇದು ಬದಲಾಗುವುದಿಲ್ಲ. ಹಿಂತಿರುಗಿಸುವ ಅವಧಿ ಮುಗಿಯುವ ಮುನ್ನ ಕಳುಹಿಸಿಬಿಡಿ.

ಹೊಸದನ್ನು ಕೊಳ್ಳುವಾಗ 2ಆರ್‌ಎಕ್ಸ್8 ಮತ್ತು ಪಿಸಿ3-12800ಯು ಎಂದು ಚೀಟಿಯಲ್ಲಿಯೇ ಇರುವುದನ್ನು ಆರಿಸಿ. ಕೊನೆಯಲ್ಲಿ ಆರ್ ಇದ್ದರೆ ಅದು ಸರ್ವರ್‌ಗಳ ರ‍್ಯಾಮ್. ಡಿಡಿಆರ್3ರಲ್ಲಿ ಅದಕ್ಕೂ 240 ಪಿನ್, ಕಚ್ಚೂ ಅದೇ ಜಾಗದಲ್ಲಿ, ಸ್ಲಾಟ್‌ನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ನಿಮ್ಮ ಬೋರ್ಡಿನಲ್ಲಿ ಏಳುವುದಿಲ್ಲ. ಒಟ್ಟು 8 ಚಿಪ್‌ಗಳಲ್ಲೇ 8 ಜಿಬಿ ಇದ್ದರೆ ಅದೂ ಬೇಡ. ಅದರಲ್ಲಿರುವುದು 8 ಗಿಗಾಬಿಟ್‌ನ ಚಿಪ್‌ಗಳು, ನಿಮ್ಮ ಪ್ರೊಸೆಸರ್‌ನ ಮಿತಿ 4 ಗಿಗಾಬಿಟ್. 1.35 ವೋಲ್ಟ್‌ನ ಡಿಡಿಆರ್3ಎಲ್ ಸಿಕ್ಕರೆ ಅಂಜಬೇಕಿಲ್ಲ, ಅದು 1.5 ವೋಲ್ಟ್‌ನಲ್ಲಿಯೂ ನಡೆಯುತ್ತದೆ. ಡಿಡಿಆರ್3 ಈಗ ಹೆಚ್ಚಾಗಿ ಬಳಸಿದ ಮಾಲಾಗಿಯೇ ಸಿಗುವುದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಸ್ಟಿಕ್ಕನ್ನು ಕೈಯಲ್ಲಿ ಹಿಡಿದೇ ಹೋಗಿ. ಇಂಟೆಲ್ ಬೋರ್ಡಿನಲ್ಲಿ ಹಾಕಿ ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ.

ಆಟದ ಬಗ್ಗೆಯೂ ಒಂದು ಮಾತು. 2015ರಲ್ಲಿ ಆ ಆಟ ಕಂಪ್ಯೂಟರ್‌ಗೆ ಬಂದಾಗ ತಯಾರಕರು ಶಿಫಾರಸು ಮಾಡಿದ ಇಂಟೆಲ್ ಪ್ರೊಸೆಸರ್ ನಿಮ್ಮ ಐ5-3470ಯೇ. ರ‍್ಯಾಮ್ ಕನಿಷ್ಠ 4 ಜಿಬಿ, ಶಿಫಾರಸು 8 ಜಿಬಿ. ಪ್ರೊಸೆಸರ್‌ನಲ್ಲಿ ಕೊರತೆಯಿಲ್ಲ, ಕಾರ್ಡೂ ಆ ಆಟಕ್ಕೆ ಸಾಕು. ದೀಪ ಆರದಿರುವುದಕ್ಕೆ ರ‍್ಯಾಮ್ ತುಂಬಿ ವಿಂಡೋಸ್ ಹಾರ್ಡ್ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸುತ್ತಿರುವುದು ಕಾರಣವಿರಬಹುದು. ಇಲ್ಲಿ ರ‍್ಯಾಮ್‌ಗೆ ಹಾಕುವ ಹಣ ವ್ಯರ್ಥವಲ್ಲ. ಎಷ್ಟೋ ಹಳೆಯ ಕಂಪ್ಯೂಟರ್‌ಗಳ ಬಗ್ಗೆ ನಾನು ಹೀಗೆ ಹೇಳಲಾರೆ.

ಪ್ರಶ್ನಿಸಿದವರು, ಹತ್ತು ದಿನಗಳ ನಂತರ

ಹೊಂದದ ಆ 8 ಜಿಬಿ ಸ್ಟಿಕ್ಕನ್ನು ಹಿಂತಿರುಗಿಸಿ, ಅಂಗಡಿಯಲ್ಲಿ 2ಆರ್‌ಎಕ್ಸ್8 ಸ್ಟಿಕ್ ಹಾಕಿಸಿ ನೋಡಿಕೊಂಡೇ ತಂದೆ. ಬೀಪ್ ಹೋಯಿತು, ಬಯಾಸ್‌ನಲ್ಲಿ 12 ಜಿಬಿ ಕಾಣುತ್ತಿದೆ. ಆದರೆ ವಿಂಡೋಸ್‌ನ ಸಿಸ್ಟಮ್ ಪುಟದಲ್ಲಿ 12.0 ಜಿಬಿ, ಬಳಕೆಗೆ 3.4 ಜಿಬಿ ಎಂದಿದೆ. ಆಟ ಮೊದಲಿನಂತೆಯೇ ನಿಲ್ಲುತ್ತದೆ. ಜೊತೆಗೆ ಸಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ರ‍್ಯಾಮ್‌ನ ವೇಗ 665 ಎಂದು ತೋರಿಸುತ್ತಿದೆ. 1600 ಎಂದು ಹಣ ಕೊಟ್ಟು ಮೋಸ ಹೋದೆನೇ?

ಉತ್ತರ

ಮೋಸವಾಗಿಲ್ಲ. ಡಿಡಿಆರ್ ಎಂದರೆ ಪ್ರತಿ ಮಿಡಿತಕ್ಕೆ ಎರಡು ಬಾರಿ ದತ್ತಾಂಶ ಸಾಗುವ ಏರ್ಪಾಡು. ಸಿಪಿಯು-ಝಡ್ ಮಿಡಿತವನ್ನು ಮಾತ್ರ ತೋರಿಸುತ್ತದೆ, ಅದನ್ನು ಇಮ್ಮಡಿ ಮಾಡಿ ಓದಬೇಕು. 665ರ ಇಮ್ಮಡಿ ಎಂದರೆ 1330, ಅಂದರೆ 1333 ಎಂದು ಕರೆಯುವ ವೇಗ. ನಿಮ್ಮ ಹಳೆಯ 4 ಜಿಬಿ ಸ್ಟಿಕ್ 1333ರದ್ದಿರಬೇಕು. ಜೋಡಿಯಲ್ಲಿ ನಿಧಾನದ ಎತ್ತಿನ ನಡಿಗೆಗೇ ಎರಡೂ ಹೊಂದಿಕೊಳ್ಳುತ್ತವೆ. ಆ ಆಟದಲ್ಲಿ ಈ ವ್ಯತ್ಯಾಸಕ್ಕಾಗಿ ಮತ್ತೆ ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. 4 ಮತ್ತು 8 ಬೆರೆತಿದ್ದರೂ ಎರಡರಿಂದಲೂ 4 ಜಿಬಿಯಷ್ಟು ಭಾಗ ಜೋಡಿ ಚಾನೆಲ್‌ನಲ್ಲಿ (ಎರಡೂ ಸ್ಟಿಕ್‌ಗಳಿಂದ ಒಟ್ಟಿಗೆ ಓದುವ ಬಗೆ) ನಡೆದು, ಉಳಿದ 4 ಜಿಬಿ ಮಾತ್ರ ಒಂಟಿ ಚಾನೆಲ್‌ನಲ್ಲಿ ಇರುತ್ತದೆ.

ಕಾಡುವ ಸಂಖ್ಯೆ 3.4. ಇದು 4 ಜಿಬಿಗಿಂತ ಹೆಚ್ಚು ಬಳಸಲಾರದ 32 ಬಿಟ್ ವಿಂಡೋಸ್‌ನ ಲಕ್ಷಣ, ಆದರೆ ನೀವು 64 ಬಿಟ್ ಎಂದಿದ್ದೀರಿ, ಮತ್ತು ಆ ಆಟ 32 ಬಿಟ್‌ನಲ್ಲಿ ತೆರೆಯುವುದೇ ಇಲ್ಲ. ಹಾಗಾದರೆ ಯಾರೋ ಮಿತಿ ಹಾಕಿದ್ದಾರೆ. ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಟ್ಯಾಬ್‌ನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಮೆಮೊರಿ ಎಂಬ ಚೌಕದಲ್ಲಿ ಗುರುತು ಇದೆಯೇ ನೋಡಿ. ಇದ್ದರೆ ತೆಗೆದು ಕಂಪ್ಯೂಟರನ್ನು ಮತ್ತೆ ಆರಂಭಿಸಿ.

ಪ್ರಶ್ನಿಸಿದವರು

ಗುರುತು ಇತ್ತು, ಪಕ್ಕದಲ್ಲಿ 4096 ಎಂದಿತ್ತು. ಆಟದ ವೇಗ ಹೆಚ್ಚುತ್ತದೆ ಎಂದು ಯಾವುದೋ ವಿಡಿಯೊ ನೋಡಿ ಹೋದ ವರ್ಷ ತಾನೇ ಹಾಕಿದ್ದಾಗಿ ಮಗ ಒಪ್ಪಿಕೊಂಡ. ಗುರುತು ತೆಗೆದ ಮೇಲೆ ಬಳಕೆಗೆ 11.9 ಜಿಬಿ ಎಂದು ಬರುತ್ತಿದೆ.

ಉತ್ತರ

ಆ ಚೌಕ ಇರುವುದು ಕಡಿಮೆ ರ‍್ಯಾಮ್‌ನಲ್ಲಿ ತಂತ್ರಾಂಶ ಹೇಗೆ ನಡೆಯುತ್ತದೆಂದು ಪರೀಕ್ಷಿಸುವವರಿಗಾಗಿ. ಅದು ಮೆಮೊರಿಯನ್ನು ಎಂದೂ ಹೆಚ್ಚಿಸುವುದಿಲ್ಲ, ಹೇಳಿದ ವಿಳಾಸದ ಆಚೆಗಿನದನ್ನು ಕತ್ತರಿಸುತ್ತದೆ ಅಷ್ಟೆ. 4 ಜಿಬಿಯ ಕೆಳಗಿನ ವಿಳಾಸಗಳಲ್ಲಿ ಒಂದಷ್ಟನ್ನು ಗ್ರಾಫಿಕ್ಸ್ ಕಾರ್ಡ್ ಮುಂತಾದವು ಕಾಯ್ದಿರಿಸಿಕೊಳ್ಳುತ್ತವೆ, ಅಲ್ಲಿದ್ದ ರ‍್ಯಾಮ್‌ನ ಭಾಗವನ್ನು ಬೋರ್ಡ್ 4 ಜಿಬಿಯ ಮೇಲಿನ ವಿಳಾಸಕ್ಕೆ ಸ್ಥಳಾಂತರಿಸುತ್ತದೆ. ನಿಮ್ಮ ಮಗ ಹಾಕಿದ 4096 ಆ ಸ್ಥಳಾಂತರಗೊಂಡ ಭಾಗವನ್ನೇ ಕತ್ತರಿಸಿದೆ. ಅಂದರೆ ಹಳೆಯ 4 ಜಿಬಿ ಒಂದೇ ಇದ್ದಾಗಲೂ ನಿಮಗೆ ಪೂರ್ತಿ 4 ಸಿಗುತ್ತಿರಲಿಲ್ಲ. ಸುಮಾರು ಅರ್ಧ ಜಿಬಿ ಒಂದು ವರ್ಷದಿಂದ ಸುಮ್ಮನೆ ಕುಳಿತಿತ್ತು.

ಬಳಸಿದ ಸ್ಟಿಕ್ ಆದ್ದರಿಂದ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಒಂದು ರಾತ್ರಿ ಓಡಲು ಬಿಡಿ. ಕೆಂಪು ಸಾಲು ಒಂದೇ ಒಂದು ಬಂದರೂ ಅಂಗಡಿಗೆ ಹಿಂತಿರುಗಿಸಿ.

ಪ್ರಶ್ನಿಸಿದವರು

ರಾತ್ರಿಯಿಡೀ ಓಡಿಸಿದೆ, ದೋಷ ಸೊನ್ನೆ. ಆಟ ನಡೆಯುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಒಟ್ಟು ಬಳಕೆ 6.8 ಜಿಬಿವರೆಗೆ ಏರುತ್ತಿದೆ. ಕಾರು ಈಗ ರಸ್ತೆಯ ಮೇಲೆಯೇ ಓಡುತ್ತದೆ. ಆಟ ತೆರೆದುಕೊಳ್ಳಲು ಮಾತ್ರ ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ. ಅದು ಹಾರ್ಡ್ ಡಿಸ್ಕ್‌ನ ಲೆಕ್ಕ ಎಂದು ತಿಳಿದಿದೆ, ಎಸ್‌ಎಸ್‌ಡಿ ವಿಚಾರ ಪರೀಕ್ಷೆ ಮುಗಿದ ಮೇಲೆ ಎಂದು ಮಗನಿಗೆ ಹೇಳಿದ್ದೇನೆ.